ವಾಲ್ಯೂಮ್ ಮುಟ್ಟದೆ ‘ಡೂಲಿಟಲ್’ ಕೇಳಿ: ಹಳೆಯ ಆಲ್ಬಂಗೆ ಮತ್ತೆ ಕಿವಿ ಕೊಡುವ ಬಗೆ

ಅಮೆರಿಕದ ರಾಕ್ ತಂಡ ಪಿಕ್ಸೀಸ್‌ನ ‘ಡೂಲಿಟಲ್’ ಆಲ್ಬಂ ಬಂದಿದ್ದು 1989ರ ಏಪ್ರಿಲ್‌ನಲ್ಲಿ. ಕಾಲೇಜು ದಿನಗಳಲ್ಲಿ ಇದನ್ನು ಕೇಳಿ, ಆಮೇಲೆ ಕೆಲಸ, ಮನೆ, ಮಕ್ಕಳು ಅಂತ ಮರೆತವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಈಗ ಯಾವಾಗಲೋ ನೆನಪಾಗಿ ಫೋನ್‌ನಲ್ಲಿ ಹುಡುಕಿ ಹಾಕುತ್ತಾರೆ. ಮೂರು ಹಾಡು ಕೇಳುತ್ತಾರೆ. ‘ಚೆನ್ನಾಗಿದೆ, ಆದರೆ ಆಗ ಅನ್ನಿಸಿದಷ್ಟು ಇಲ್ಲ’ ಅಂತ ಬಿಟ್ಟುಬಿಡುತ್ತಾರೆ. ಈಗಿನ ಹುಡುಗರಂತೂ ‘ಇದರಲ್ಲಿ ಹೊಸದೇನಿದೆ, ಎಲ್ಲರೂ ಹೀಗೇ ಬಾರಿಸುತ್ತಾರೆ ಅಲ್ವಾ’ ಅನ್ನುತ್ತಾರೆ.

ಹೌದು, ಎಲ್ಲರೂ ಹೀಗೇ ಬಾರಿಸುತ್ತಾರೆ. ಇವರನ್ನು ಕೇಳಿ ಕಲಿತದ್ದು. ಅಮೆರಿಕದ್ದೇ ಇನ್ನೊಂದು ರಾಕ್ ತಂಡ ನಿರ್ವಾಣದ ಹಾಡುಗಾರ ಕರ್ಟ್ ಕೋಬೇನ್ 1994ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಬಂದ ಸಂದರ್ಶನದಲ್ಲಿ ಬಾಯಿಬಿಟ್ಟು ಹೇಳಿದ. ‘ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್’ ಮಾಡುವಾಗ ಅವನ ತಲೆಯಲ್ಲಿದ್ದದ್ದು ಪಿಕ್ಸೀಸ್. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಮತ್ತೆ ಮೆತ್ತಗೆ. ಆ ಹಾಡು ಲೋಕವೆಲ್ಲ ಸುತ್ತಿತು. ಅದರ ಹಿಂದೆ ಸಾವಿರ ತಂಡಗಳು ಅದೇ ದಾರಿ ಹಿಡಿದವು. ಹಾಗಾಗಿ ಮೂಲ ಕೇಳುವ ಹೊತ್ತಿಗೆ ನಮ್ಮ ಕಿವಿ ಅದಕ್ಕೆ ಒಗ್ಗಿಹೋಗಿರುತ್ತದೆ.

ನಾನು ಬಂಗಾರಪೇಟೆಯಲ್ಲಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತೇನೆ. ಮದುವೆ, ಜಾತ್ರೆ, ಗಣೇಶನ ಆರ್ಕೆಸ್ಟ್ರಾ, ಶಾಲೆಗಳ ವಾರ್ಷಿಕೋತ್ಸವ. ದಿನಾ ಮಿಕ್ಸರ್ ಮುಂದೆ ಕೂರುವವನ ಕಿವಿಗೆ ಕಂಡದ್ದನ್ನು ಹೇಳುತ್ತೇನೆ. ಈ ಆಲ್ಬಂನ ಬೆರಗೆಲ್ಲ ಇರುವುದು ಸದ್ದು ಇಳಿಯುವ ಜಾಗಗಳಲ್ಲಿ. ಆ ಜಾಗಗಳು ಚೆನ್ನಾಗಿ ಕೇಳಿಸುವ ಹಾಗೆ ಮಾಡಿಕೊಂಡರೆ ಒಗ್ಗಿಹೋದ ಕಿವಿಯೂ ನೆಟ್ಟಗಾಗುತ್ತದೆ. ಅದು ಹೇಗೆ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿರುವುದು.

ಮೊದಲು ಫೋನ್ ಸರಿ ಮಾಡಿಕೊಳ್ಳಿ

ಹಾಡುಗಳ ಸರದಿ ಕಲಸಿಬಿಡುವ ಶಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದನ್ನು ಹೆಣೆಯುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ಆಫ್ ಮಾಡಿ. ಜಾಹೀರಾತು ಬರುವ ಆಪ್ ಬೇಡವೇ ಬೇಡ. ಎರಡು ಹಾಡಿನ ನಡುವೆ ಸೋಪಿನ ಜಾಹೀರಾತು ಬಂದರೆ ಎಲ್ಲ ಕೆಟ್ಟಿತು. ಇರುವುದು 15 ಹಾಡು, ಎಲ್ಲ ಸೇರಿ 39 ನಿಮಿಷಕ್ಕೂ ಕಡಿಮೆ. ಪೂರ್ತಿ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ಆಮೇಲೆ ಈಕ್ವಲೈಸರ್, ಅಂದರೆ ದಪ್ಪ ಸದ್ದು, ತೆಳು ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್. ಹೊಸ ಫೋನ್‌ಗಳಲ್ಲಿ ಡಾಲ್ಬಿ ಅಂತಲೋ, ಬೇಸ್ ಬೂಸ್ಟ್ ಅಂತಲೋ ಏನಾದರೂ ಒಂದು ಮೊದಲೇ ಆನ್ ಆಗಿರುತ್ತದೆ. ತೆಗೆಯಿರಿ. ಕೆಲವು ಆಪ್‌ಗಳ ಸೆಟ್ಟಿಂಗ್‌ನಲ್ಲಿ ಸದ್ದಿನ ಮಟ್ಟ ‘ಲೌಡ್’, ‘ನಾರ್ಮಲ್’ ಅಂತ ಇರುತ್ತದೆ. ಲೌಡ್ ಇಟ್ಟರೆ ಜೋರಾದ ಭಾಗವನ್ನು ಅದುಮಿ ಎಲ್ಲವನ್ನೂ ಮೇಲೆತ್ತುತ್ತದೆ. ಬೇರೆ ಹಾಡಿಗೆ ಅದರಿಂದ ದೊಡ್ಡ ನಷ್ಟವಿಲ್ಲದಿರಬಹುದು. ಇಲ್ಲಿ ಮಾತ್ರ ಮೆತ್ತಗಿನದಕ್ಕೂ ಜೋರಿನದಕ್ಕೂ ನಡುವೆ ಇರುವ ಅಂತರವೇ ಬಂಡವಾಳ.

ಯಾವುದರಲ್ಲಿ ಕೇಳಬೇಕು? ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ವೈರ್ ಇರುವ ಸಾಮಾನ್ಯ ಇಯರ್‌ಫೋನ್ ಸಾಕು. ಅಂಗೈ ಅಗಲದ ಬ್ಲೂಟೂತ್ ಡಬ್ಬಿ ಬೇಡ, ಅದರಲ್ಲಿ ದಪ್ಪ ಸ್ವರದ ಬೇಸ್ ಗಿಟಾರ್ ಕೇಳಿಸುವುದೇ ಇಲ್ಲ. ಕಾರೂ ಬೇಡ, ರೈಲೂ ಬೇಡ. ನಮ್ಮ ಕಡೆಯವರು ದಿನಾ ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ಗಾಡಿ ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಕಿವಿಗೆ ವೈರ್ ಸಿಕ್ಕಿಸಿಕೊಂಡು ಟೇಕಲ್, ಮಾಲೂರು, ವೈಟ್‌ಫೀಲ್ಡ್ ದಾಟುತ್ತಾರೆ. ಪರಿಚಯ ಇರುವ ಹಾಡಿಗೆ ಅದು ಸರಿ. ಇದನ್ನು ಮತ್ತೆ ಕಂಡುಕೊಳ್ಳಬೇಕು ಅಂದರೆ ಗಾಲಿ ಸದ್ದಿನಲ್ಲಿ ಆಗದು. ಅರ್ಧ ಆಲ್ಬಂ ಅದರಲ್ಲೇ ಮುಳುಗಿಹೋಗುತ್ತದೆ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಫ್ಯಾನ್ ನಿಲ್ಲಿಸಿ ಕೂತುಕೊಳ್ಳಿ.

‘ಟೇಮ್’ ಹಾಡಿನಿಂದ ವಾಲ್ಯೂಮ್ ಇಡುವುದು

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಇದನ್ನು ಇಟ್ಟುಕೊಳ್ಳಿ.

ನಮ್ಮ ಕೆಲಸದಲ್ಲಿ ಸೌಂಡ್ ಚೆಕ್ ಮಾಡುವಾಗ ಹಾಡುವವರಿಗೆ ‘ಎಷ್ಟು ಜೋರಾಗಿ ಹಾಡ್ತೀರೋ ಅಷ್ಟು ಹಾಡಿಬಿಡಿ ಸಾರ್’ ಅನ್ನುತ್ತೇವೆ. ಆ ಜೋರಿಗೆ ತಕ್ಕಂತೆ ಮಿಕ್ಸರ್‌ನಲ್ಲಿ ಗೇನ್, ಅಂದರೆ ಮೈಕ್‌ನಿಂದ ಬರುವ ಸದ್ದಿನ ಮಟ್ಟ, ಇಡುತ್ತೇವೆ. ಇಲ್ಲದಿದ್ದರೆ ಸ್ಪೀಕರ್ ಬಾಕ್ಸ್ ಒಡೆದುಹೋಗುತ್ತದೆ. ಈ ಆಲ್ಬಂಗೆ ಉಲ್ಟಾ ಮಾಡಬೇಕು. ಮೆತ್ತಗಿನ ಜಾಗಕ್ಕೆ ಮಟ್ಟ ಇಡಬೇಕು.

ಎರಡನೇ ಹಾಡು ‘ಟೇಮ್’ ಹಾಕಿ. ಎರಡು ನಿಮಿಷಕ್ಕೂ ಚಿಕ್ಕ ಹಾಡು. ಶುರುವಿನಲ್ಲಿ ಬೇಸ್ ಮತ್ತು ಡ್ರಮ್ ಮಾತ್ರ, ಹೆಚ್ಚು ಏನೂ ಇಲ್ಲ. ಹಾಡುಗಾರ ಬ್ಲ್ಯಾಕ್ ಫ್ರಾನ್ಸಿಸ್ ಕಿವಿಯ ಹತ್ತಿರ ಬಂದು ಪಿಸುಗುಡುವ ಹಾಗೆ ಸಾಲು ಹೇಳುತ್ತಾನೆ. ಆ ಪಿಸುಮಾತಿನ ಉಸಿರು, ತುಟಿ ತೆರೆಯುವ ಸದ್ದು ಸ್ಪಷ್ಟವಾಗುವ ತನಕ ವಾಲ್ಯೂಮ್ ಏರಿಸಿ. ಅಲ್ಲಿಗೆ ಕೈ ತೆಗೆಯಿರಿ. ಆಮೇಲೆ ಅವನು ಒಂದೇ ಪದವನ್ನು ಗಂಟಲು ಹರಿಯುವ ಹಾಗೆ ಕಿರುಚುತ್ತಾನೆ. ಗಿಟಾರ್‌ಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ನೀವು ಬೆಚ್ಚಬೇಕು. ಬೆಚ್ಚಿದರೆ ಮಟ್ಟ ಸರಿ ಇದೆ. ಕಿವಿ ನೋಯುತ್ತದೆ ಅಂದರೆ ಮಾತ್ರ ಎರಡು ಗೆರೆ ಇಳಿಸಿ. ಕಿವಿ ಹಾಳುಮಾಡಿಕೊಂಡು ಯಾವ ಸಂಗೀತವನ್ನೂ ಕೇಳಬಾರದು. ನಮ್ಮ ಕಸುಬಿನಲ್ಲಿ ಕಿವಿ ಮಂದವಾದವರನ್ನು ನೋಡಿದ್ದೇನೆ, ತುಂಬಾ ಕಷ್ಟ.

ಮಟ್ಟ ಇಟ್ಟಾದ ಮೇಲೆ ಮೊದಲ ಹಾಡು ‘ಡಿಬೇಸರ್’ಗೆ ಹಿಂದೆ ಹೋಗಿ. ಅಲ್ಲಿಂದ ಕೊನೆಯ ‘ಗೌಜ್ ಅವೇ’ ತನಕ ವಾಲ್ಯೂಮ್ ಮುಟ್ಟಬೇಡಿ.

ನಮ್ಮ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ ತಮಟೆ ಬಾರಿಸುವ ಮನೆಯವನು. ಒಂದು ಸಂಜೆ ಗೋಡೌನ್‌ನಲ್ಲಿ ಕೇಬಲ್ ಸುತ್ತುತ್ತಾ ಇಬ್ಬರೂ ಇದನ್ನೇ ದೊಡ್ಡ ಬಾಕ್ಸ್‌ನಲ್ಲಿ ಕೇಳುತ್ತಿದ್ದೆವು. ಪಿಸುಗುಡುವ ಜಾಗ ಬಂತು. ಅವನು ತಲೆ ಎತ್ತಿ, ‘ಅಣ್ಣಾ, ಟಾಪ್ ಹೋಯ್ತಾ?’ ಅಂದ. ಮೇಲಿನ ಸ್ಪೀಕರ್‌ಗೆ ನಾವು ಟಾಪ್ ಅನ್ನುವುದು. ‘ಏನೂ ಹೋಗಿಲ್ಲ, ಇರು’ ಅಂದೆ. ಕಿರುಚಾಟ ಬಂದದ್ದೇ ಕೈಯಲ್ಲಿದ್ದ ಕೇಬಲ್ ಕೆಳಗಿಟ್ಟ. ಹಾಡು ಮುಗಿಯುವ ತನಕ ಮಾತಿಲ್ಲ. ಆಮೇಲೆ, ‘ಇದು ನಮ್ಮ ಏಟೇ ಅಣ್ಣಾ’ ಅಂದ.

ಅವನು ಹೇಳಿದ್ದು ಸರಿ. ನಮ್ಮ ಕೋಲಾರ, ಚಿಂತಾಮಣಿ ಸೀಮೆಯ ತಮಟೆ ಕೇಳಿದವರಿಗೆ ಇದು ಬೇಗ ಹಿಡಿಸುತ್ತದೆ. ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಈ ಕಲೆಯ ದೊಡ್ಡತನ ಆಗ ಹೊರಗಿನವರಿಗೂ ತಿಳಿಯಿತು. ಜಾತ್ರೆಯಲ್ಲಿ ತಂಡ ಜೋರಾಗಿ ಬಾರಿಸುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ಇಳಿಯುತ್ತದೆ. ಸಣ್ಣ ಕಡ್ಡಿಯ ಟಿಕಿಟಿಕಿ ಮಾತ್ರ ಉಳಿಯುತ್ತದೆ. ಸುತ್ತ ನಿಂತವರು ತಮಗೆ ಗೊತ್ತಿಲ್ಲದೆ ಮುಂದಕ್ಕೆ ಬಾಗುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಹೊಡೆಯುತ್ತಾರೆ. ಆ ಬಾಗುವ ಗಳಿಗೆ ಇದೆಯಲ್ಲ, ‘ಡೂಲಿಟಲ್’ ಉದ್ದಕ್ಕೂ ಅದೇ.

ಬೇಸ್ ಹಿಡಿದು ನಡೆಯಿರಿ

ಮೊದಲ ಸಲ ಸುಮ್ನೆ ಕೇಳಿ. ಏನನ್ನೂ ಹುಡುಕಬೇಡಿ. ಇನ್ನೊಂದು ದಿನ ಕೂತು ಬೇಸ್ ಗಿಟಾರ್ ಒಂದನ್ನೇ ಹಿಡಿದುಕೊಳ್ಳಿ. ಬಾರಿಸುವಾಕೆ ಕಿಮ್ ಡೀಲ್. ಗಂಡಸಿನ ಕೂಗಿನ ಹಿಂದೆ ತಣ್ಣಗೆ ಬರುವ ಹೆಣ್ಣು ದನಿಯೂ ಆಕೆಯದೇ.

‘ಡಿಬೇಸರ್’ ಶುರುವಾಗುವುದೇ ಆಕೆಯ ಬೇಸ್‌ನಿಂದ. ಕೆಲವು ಸ್ವರ, ಅಷ್ಟೇ. ಅದರ ಮೇಲೆ ಗಿಟಾರ್ ಬಂದು ಕೂರುತ್ತದೆ. ಈಗ ‘ಹೇ’ ಹಾಡಿಗೆ ಬನ್ನಿ, 13ನೆಯದು. ಫ್ರಾನ್ಸಿಸ್ ಒಂದು ಸಲ ಕೂಗುತ್ತಾನೆ. ಅದಾದ ಮೇಲೆ ಇಡೀ ಹಾಡನ್ನು ಹೊತ್ತು ನಡೆಯುವುದು ಬೇಸ್. ಅವಸರವಿಲ್ಲ, ಅಲಂಕಾರವಿಲ್ಲ. ನಡುನಡುವೆ ಅವಳು ಜಾಗ ಬಿಡುತ್ತಾಳೆ. ಆ ಬಿಟ್ಟ ಜಾಗದಲ್ಲಿ ಕೋಣೆಯ ಗಾಳಿ ಕೇಳಿಸಿದ ಹಾಗೆ ಆಗುತ್ತದೆ. ನನಗೆ ಇಡೀ ಆಲ್ಬಂನಲ್ಲಿ ಇದಕ್ಕಿಂತ ದೊಡ್ಡ ಹಾಡಿಲ್ಲ. ‘ಗೌಜ್ ಅವೇ’ ಕೂಡ ಹೀಗೇ. ಬೇಸ್ ಮತ್ತು ಡ್ರಮ್ ಮೆಲ್ಲಗೆ ಸುತ್ತುತ್ತಾ ಇರುತ್ತವೆ, ಕಿಮ್ ಹಿಂದಿನಿಂದ ‘ಆ’ ಅಂತ ಎಳೆಯುತ್ತಾಳೆ, ನೀವು ಮುಂದಿನ ಏಟಿಗೆ ಕಾಯುತ್ತೀರಿ.

ಬೇಸ್ ಚೆನ್ನಾಗಿ ಗುರುತು ಸಿಕ್ಕ ಮೇಲೆ ಗಿಟಾರ್. ಜೋಯಿ ಸ್ಯಾಂಟಿಯಾಗೊ ಕೈಚಳಕ ತೋರಿಸುವ ವಾದಕ ಅಲ್ಲ. ಒಂದು ಸ್ವರವನ್ನು ಹಿಡಿದು ತಿರುಚುತ್ತಾನೆ, ಅದು ಮುಗಿಯುವ ಮುಂಚೆಯೇ ಕೈ ಬಿಡುತ್ತಾನೆ. ‘ನಂಬರ್ 13 ಬೇಬಿ’ ಹಾಡಿನ ಕೊನೆಯಲ್ಲಿ ಮಾತು ನಿಂತು ವಾದ್ಯ ಮಾತ್ರ ಉಳಿಯುತ್ತದೆ. ಅಲ್ಲಿ ಅವನನ್ನು ಬಿಡುವಾಗಿ ಕೇಳಬಹುದು. ಡ್ರಮ್ ಡೇವಿಡ್ ಲವರಿಂಗ್‌ನದು. ಗಟ್ಟಿ, ನೇರ. ‘ಲಾ ಲಾ ಲವ್ ಯೂ’ ಹಾಡಿದವನೂ ಅವನೇ. ಸಿಳ್ಳೆ ಇರುವ ಹಗುರ ಹಾಡು. ಅದನ್ನು ದಾಟಿಸಿ ಮುಂದೆ ಹೋಗುವವರು ಜಾಸ್ತಿ. ದಾಟಿಸಬೇಡಿ, ಅದರ ಹಿಂದಿನದು ‘ಕ್ರ್ಯಾಕಿಟಿ ಜೋನ್ಸ್’, ಒಂದೂವರೆ ನಿಮಿಷವೂ ಇಲ್ಲದ ಬಿರುಗಾಳಿ. ಅದಾದ ಮೇಲೆ ಉಸಿರಾಡುವುದಕ್ಕೆ ಒಂದು ಜಾಗ ಬೇಕು.

ಹಾಡುಗಳು ಯಾಕಿಷ್ಟು ಚಿಕ್ಕವು ಅಂತ ಕೇಳಿದರೆ ಅದಕ್ಕೊಂದು ಕಥೆ ಇದೆ. ಧ್ವನಿಮುದ್ರಣ ಶುರುವಾಗಿದ್ದು 1988ರ ಅಕ್ಟೋಬರ್ ಕೊನೆಯಲ್ಲಿ, ಅವರ ಊರು ಬಾಸ್ಟನ್‌ನಲ್ಲಿ. ಪ್ರೊಡ್ಯೂಸರ್ ಗಿಲ್ ನಾರ್ಟನ್, ಇಂಗ್ಲೆಂಡಿನವನು. ಹಾಡುಗಳನ್ನು ಸ್ವಲ್ಪ ಬೆಳೆಸೋಣ, ಇನ್ನೊಂದು ಚರಣ ಸೇರಿಸೋಣ ಅನ್ನುತ್ತಿದ್ದ. ಫ್ರಾನ್ಸಿಸ್ ಅವನನ್ನು ರೆಕಾರ್ಡ್ ಅಂಗಡಿಗೆ ಕರೆದುಕೊಂಡು ಹೋಗಿ 1950ರ ದಶಕದ ರಾಕ್ ಹಾಡುಗಾರ ಬಡ್ಡಿ ಹಾಲಿಯ ಆಯ್ದ ಹಾಡುಗಳ ರೆಕಾರ್ಡ್ ತೋರಿಸಿದ. ಹೆಚ್ಚಿನವೆಲ್ಲ ಎರಡು ನಿಮಿಷದ ಆಸುಪಾಸು. ಬಡ್ಡಿ ಹಾಲಿಗೆ ಎರಡು ನಿಮಿಷ ಸಾಕಾಗಿದ್ದರೆ ನಮಗೂ ಸಾಕು ಅನ್ನುವುದು ವಾದ. ಆದರೂ ನಾರ್ಟನ್ ಕೈವಾಡ ಆಲ್ಬಂ ತುಂಬಾ ಇದೆ. ತಂಡದ ಹಿಂದಿನ ಆಲ್ಬಂ ‘ಸರ್ಫರ್ ರೋಸಾ’ವನ್ನು ಸ್ಟೀವ್ ಆಲ್ಬಿನಿ ಮುದ್ರಿಸಿದ್ದ. ಅದು ಒರಟು. ಇದು ತಿದ್ದಿ ತೀಡಿದ್ದು. ಯಾವುದು ಮೇಲು ಅಂತ ಜನ ಇಂದಿಗೂ ಜಗಳವಾಡುತ್ತಾರೆ. ನಾನು ಇದರ ಕಡೆ. ತಿದ್ದಿದ್ದಕ್ಕೇ ಮೆತ್ತಗಿನ ಜಾಗಗಳು ಇಷ್ಟು ಸ್ವಚ್ಛವಾಗಿ ಉಳಿದಿವೆ.

ಎರಡು ಮಗ್ಗುಲು ಮಾಡಿಕೊಳ್ಳಿ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗೆಳೆಯನೊಬ್ಬ ನನಗೆ ಇದನ್ನು ಕೊಟ್ಟದ್ದು ಕ್ಯಾಸೆಟ್‌ನಲ್ಲಿ. ಯಾರದ್ದೋ ಹತ್ತಿರ ಇದ್ದ ಕ್ಯಾಸೆಟ್‌ನಿಂದ ಕಾಪಿ ಮಾಡಿದ್ದು. ಕೆಜಿಎಫ್‌ನಲ್ಲಿ ಆಂಗ್ಲೋ ಇಂಡಿಯನ್ ಮನೆಗಳಿದ್ದವು, ಅಲ್ಲಿ ಗಿಟಾರ್ ಇತ್ತು, ಇಂಗ್ಲಿಷ್ ಹಾಡಿನ ಕ್ಯಾಸೆಟ್ ಕೈಯಿಂದ ಕೈಗೆ ಓಡಾಡುತ್ತಿದ್ದವು. 2001ರಲ್ಲಿ ಚಿನ್ನದ ಗಣಿ ಮುಚ್ಚಿತು, ಎಷ್ಟೋ ಮನೆಯವರು ಊರು ಬಿಟ್ಟರು. ಕ್ಯಾಸೆಟ್ ಕೇಳಿದವರಿಗೆ ಒಂದು ಅಭ್ಯಾಸ ಇತ್ತು. ಒಂದು ಮಗ್ಗುಲು ಮುಗಿದರೆ ಎದ್ದು ತಿರುಗಿಸಿ ಹಾಕಬೇಕಿತ್ತು. ಫೋನ್‌ನಲ್ಲಿ ಆ ಬಿಡುವು ಹೋಯಿತು.

ಅದನ್ನು ವಾಪಸ್ ತನ್ನಿ. ಮೂಲ ಎಲ್‌ಪಿಯಲ್ಲಿ ಮೊದಲ ಮಗ್ಗುಲು ಏಳನೇ ಹಾಡು ‘ಮಂಕಿ ಗಾನ್ ಟು ಹೆವನ್’ಗೆ ಮುಗಿಯುತ್ತದೆ. ಅಲ್ಲಿ ನಿಲ್ಲಿಸಿ. ಎದ್ದು ನೀರು ಕುಡಿಯಿರಿ, ಚಹಾ ಮಾಡಿಕೊಳ್ಳಿ. ಆಮೇಲೆ ‘ಮಿಸ್ಟರ್ ಗ್ರೀವ್ಸ್’ನಿಂದ ಶುರುಮಾಡಿ. ಒಂದೇ ಉಸಿರಿಗೆ ಕೇಳಿದವರು ಹತ್ತು, ಹನ್ನೊಂದನೇ ಹಾಡಿನ ಹೊತ್ತಿಗೆ ದಣಿಯುತ್ತಾರೆ. ಎರಡನೇ ಭಾಗ ಸೊರಗಿದೆ ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಸೊರಗಿರುವುದು ಕಿವಿ. ಬೇಕಾದರೆ ಒಂದು ದಿನ ಎರಡನೇ ಮಗ್ಗುಲನ್ನು ಮಾತ್ರ ಕೇಳಿ ನೋಡಿ.

ಹಾಡಿನ ಮಾತುಗಳು

ಮೊದಲೇ ಸಾಹಿತ್ಯ ಹುಡುಕಿ ಓದಬೇಡಿ. ಫ್ರಾನ್ಸಿಸ್ ಪದವನ್ನು ಸದ್ದಿಗಾಗಿ ಆರಿಸುವವನು. ಅರ್ಥ ಆಮೇಲೆ ಬರಲಿ. ನಾಲ್ಕೈದು ಸಲ ಕೇಳಿ, ಒಂದೊಂದು ಸಾಲು ತಾನಾಗಿ ಬಾಯಿಗೆ ಬರುವಾಗ ಹಿನ್ನೆಲೆ ತಿಳಿದುಕೊಳ್ಳಿ.

‘ಡಿಬೇಸರ್’ನ ಮೂಲ 1929ರ ಒಂದು ಮೂಕಿ ಚಿತ್ರ, ಲೂಯಿ ಬುನ್ಯುಯೆಲ್ ಮಾಡಿದ್ದು. ಕಣ್ಣನ್ನು ಕ್ಷೌರದ ಕತ್ತಿಯಿಂದ ಸೀಳುವ ದೃಶ್ಯ ಅದರಲ್ಲಿದೆ. ‘ಗೌಜ್ ಅವೇ’ ಬೈಬಲ್‌ನ ಸ್ಯಾಮ್ಸನ್ ಕಥೆ. ಕೂದಲಲ್ಲಿ ಬಲ ಇದ್ದವನು, ಡಿಲೈಲಾ ಕೈಯಲ್ಲಿ ಮೋಸಹೋದವನು, ಕಣ್ಣು ಕಳೆದುಕೊಂಡು ಕೊನೆಗೆ ಕಂಬಗಳನ್ನೇ ಕೆಡವಿದವನು. ‘ಡೆಡ್’ ಕೂಡ ಬೈಬಲ್‌ನದೇ, ರಾಜ ದಾವೀದ ಮತ್ತು ಬತ್ಷೆಬೆಯ ಕಥೆ. ಫ್ರಾನ್ಸಿಸ್ ಹುಡುಗನಾಗಿದ್ದಾಗ ಅವನ ಮನೆಯವರು ಪೆಂಟೆಕೋಸ್ಟಲ್ ಚರ್ಚ್‌ಗೆ ಹೋಗುತ್ತಿದ್ದರು, ಆ ಕಥೆಗಳು ತಲೆಯಲ್ಲಿ ಉಳಿದವು. ನನಗೆ ಸ್ಯಾಮ್ಸನ್ ಕಥೆ ಹೇಳಿದವನೂ ಅದೇ ರಾಬರ್ಟ್‌ಸನ್‌ಪೇಟೆ ಗೆಳೆಯ. ಸಂಡೇ ಸ್ಕೂಲ್‌ನಲ್ಲಿ ಕಲಿತದ್ದು. ಕಥೆ ತಿಳಿದ ಮೇಲೆ ಆ ಹಾಡಿನ ಮೆತ್ತಗಿನ ಭಾಗ ಬೇರೆಯೇ ಆಗಿ ಕೇಳಿಸಿತು. ಸರಪಳಿಯಲ್ಲಿ ನಿಂತವನೊಬ್ಬ ಬಲ ಕೂಡಿಸಿಕೊಳ್ಳುತ್ತಿದ್ದಾನೆ ಅನ್ನಿಸಿತು.

‘ಮಂಕಿ ಗಾನ್ ಟು ಹೆವನ್’ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಮುಖಪುಟದಲ್ಲಿ ತಲೆಯ ಹಿಂದೆ ಪ್ರಭೆ ಇರುವ ಕೋತಿ ಇದೆಯಲ್ಲ, ಈ ಹಾಡಿನದೇ. ಎರಡು ಸೆಲ್ಲೋ (ವಯಲಿನ್ ಜಾತಿಯ, ದಪ್ಪ ದನಿಯ ದೊಡ್ಡ ವಾದ್ಯ), ಎರಡು ವಯಲಿನ್ ಬಳಸಿದ್ದಾರೆ. ಹಾಡು ಸಮುದ್ರದ ಬಗ್ಗೆ, ನ್ಯೂಯಾರ್ಕ್, ನ್ಯೂಜೆರ್ಸಿ ಕಡೆಯಿಂದ ಬಂದು ಸೇರುವ ಕೊಳಚೆ ಕೆಸರಿನ ಬಗ್ಗೆ, ಆಕಾಶದಲ್ಲಿ ಬಿದ್ದ ತೂತಿನ ಬಗ್ಗೆ. ಓಝೋನ್ ಪದರದ ತೂತು ಲೋಕಕ್ಕೆ ತಿಳಿದದ್ದು 1985ರಲ್ಲಿ, ಆಗ ಅದು ಹೊಸ ಭಯ. ಕೊನೆಗೆ ಮನುಷ್ಯನಿಗೆ ಐದು, ಸೈತಾನನಿಗೆ ಆರು, ದೇವರಿಗೆ ಏಳು ಅಂತ ಎಣಿಸುತ್ತಾ ಕಿರುಚುವ ಜಾಗಕ್ಕೆ ಹಾಡು ಹತ್ತುತ್ತದೆ.

ಕೋಲಾರ ಜಿಲ್ಲೆಯಲ್ಲಿ ಕೂತು ಇದನ್ನು ಕೇಳುವುದು ಬೇರೆ. ಕೆಜಿಎಫ್‌ನಲ್ಲಿ ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬಗಳಿಂದ ಗಾಳಿ ಕಾಲದಲ್ಲಿ ಧೂಳು ಎದ್ದು ಮನೆಯೊಳಗೆ ಬರುವುದನ್ನು ನಾವು ಕಂಡವರು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬುತ್ತಿದ್ದಾರೆ. ಮೊದಲು ನೀರು ಬಂದದ್ದು ಲಕ್ಷ್ಮೀಸಾಗರ ಕೆರೆಗೆ. ಒಣಗಿದ್ದ ಕೆರೆ ತುಂಬಿದ್ದಕ್ಕೆ ಸಂತೋಷಪಟ್ಟವರೂ ಇದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ವರ್ಷಗಟ್ಟಲೆ ಕೇಳುತ್ತಿರುವವರೂ ಇದ್ದಾರೆ. ದೊಡ್ಡ ಊರಿನ ಕೊಳಚೆ ಎಲ್ಲಿಗೆ ಹೋಗಿ ಸೇರುತ್ತದೆ ಅನ್ನುವ ಪ್ರಶ್ನೆ ನಮಗೆ ಹಾಡಿನ ಮಾತಲ್ಲ, ಬೋರ್‌ವೆಲ್ ನೀರಿನ ಮಾತು. ಆ ಸೆಲ್ಲೋ ಕೆಳಗಿನಿಂದ ಎದ್ದು ಬರುವಾಗ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ನಿಮ್ಮ ಊರಿನ ಕೆರೆಯನ್ನು ಒಂದು ಸಲ ಮನಸ್ಸಿಗೆ ತಂದುಕೊಂಡು ಈ ಹಾಡು ಕೇಳಿ.

ಇಷ್ಟೆಲ್ಲ ಇರುವ ಆಲ್ಬಂ ಬಂದಾಗ ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ 98ನೇ ಸ್ಥಾನದಿಂದ ಮೇಲೆ ಹೋಗಲಿಲ್ಲ. ಬ್ರಿಟನ್‌ನಲ್ಲಿ 8ಕ್ಕೆ ಏರಿತು. ತಂಡ 1993ರಲ್ಲಿ ಒಡೆಯಿತು, 2004ರಲ್ಲಿ ಮತ್ತೆ ಸೇರಿತು. ಅಮೆರಿಕದಲ್ಲಿ ಹತ್ತು ಲಕ್ಷ ಪ್ರತಿ ದಾಟಿದ್ದಕ್ಕೆ ಕೊಡುವ ಪ್ಲಾಟಿನಂ ಮನ್ನಣೆ ಸಿಕ್ಕಿದ್ದು 2018ರಲ್ಲಿ. ಕಿವಿಯಿಂದ ಕಿವಿಗೆ ನಿಧಾನವಾಗಿ ಹೋದ ಆಲ್ಬಂ ಇದು. ಹಾಗಾಗಿ ನೀವೂ ಇನ್ನೊಬ್ಬರಿಗೆ ದಾಟಿಸುವುದಾದರೆ ‘ಹಿಯರ್ ಕಮ್ಸ್ ಯುವರ್ ಮ್ಯಾನ್’ ಹಾಡಿನಿಂದ ಶುರುಮಾಡಿ. ರಾಗ ಸುಲಭ, ಯಾರೂ ಬೆದರುವುದಿಲ್ಲ. ಅದು ಹಿಡಿಸಿದವರಿಗೆ ಮಾತ್ರ ‘ಟೇಮ್’ ಕೊಡಿ. ಲಿಂಕ್ ಕಳಿಸಿ ಸುಮ್ಮನಾಗಬೇಡಿ, ಪಕ್ಕದಲ್ಲಿ ಕೂತು ಕೇಳಿಸಿ.

ಆಲ್ಬಂ ಪೂರ್ತಿ ಮೈಗೆ ಹತ್ತಿದ ಮೇಲೆ ಮುಂದಕ್ಕೆ ಹೋಗುವ ದಾರಿ ಎರಡಿವೆ. 2014ರಲ್ಲಿ ‘ಡೂಲಿಟಲ್ 25’ ಅಂತ ಒಂದು ಸಂಗ್ರಹ ಬಂತು. ಹಾಡುಗಳ ಕಚ್ಚಾ ರೂಪಗಳು, ಬಿಬಿಸಿ ರೇಡಿಯೊದಲ್ಲಿ ಜಾನ್ ಪೀಲ್ ಕಾರ್ಯಕ್ರಮಕ್ಕಾಗಿ ಬಾರಿಸಿದ ಪೀಲ್ ಸೆಷನ್‌ಗಳು ಅದರಲ್ಲಿವೆ. ಅದನ್ನು ಮೊದಲೇ ಕೇಳಿದರೆ ಗೊಂದಲವಾಗುತ್ತದೆ, ಈಗ ಕೇಳಿದರೆ ನಾರ್ಟನ್ ಎಲ್ಲೆಲ್ಲಿ ಕೈ ಆಡಿಸಿದ ಅನ್ನುವುದು ಬಿಡಿಬಿಡಿಯಾಗಿ ಕಾಣುತ್ತದೆ. ಇನ್ನೊಂದು ‘ವೇವ್ ಆಫ್ ಮ್ಯುಟಿಲೇಷನ್’ ಹಾಡಿನ ‘ಯುಕೆ ಸರ್ಫ್’ ರೂಪ. ಆಲ್ಬಂನಲ್ಲಿ ಎರಡು ನಿಮಿಷ ಓಡುವ ಹಾಡು ಇಲ್ಲಿ ನಿಧಾನವಾಗಿ ತೇಲುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ, ನಿಧಾನದ್ದನ್ನು ಮೊದಲು.